ಬೆಳಕಿನ ಹಗೇವು: ಸೂರ್ಯಶಕ್ತಿಗೆ ಮನೆಯ ಬ್ಯಾಟರಿಯನ್ನು ಆರಿಸುವ ಬಗೆ

ವೈಶಾಖ ಮಾಸದಲ್ಲಿ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಕಡೆಗೆ ಒಮ್ಮೆಯಾದರೂ ಬಂದುಹೋದವರಿಗೆ ಬಿಸಿಲೆಂದರೇನೆಂಬುದನ್ನು ನಾವು ವಿವರಿಸಬೇಕಾದುದಿಲ್ಲ. ಹೊತ್ತೇರುವ ಮೊದಲೇ ಅಂಗಳದ ಹಾಸುಗಲ್ಲು ಕಾಲಿಗೆ ಚುರುಗುಟ್ಟುವುದು. ಮಧ್ಯಾಹ್ನಕ್ಕೆ ಉಷ್ಣಮಾಪಕವು ೪೦ ಡಿಗ್ರಿಯನ್ನು ದಾಟುವುದು. ಅಶೋಕ ಚಕ್ರವರ್ತಿಯ ಹೆಸರುಳ್ಳ ಶಾಸನವು ೧೯೧೫ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಬೆಟ್ಟದ ಬಂಡೆಗಳು, ಹಗಲೆಲ್ಲ ಕುಡಿದ ಕಾವನ್ನು ನಡುರಾತ್ರಿಯವರೆಗೂ ಬಿಡುತ್ತಲೇ ಇರುವುವು. ಇಷ್ಟು ಧಾರಾಳವಾಗಿ ಬೆಳಕನ್ನು ಸುರಿದ ಸೂರ್ಯನು ಮುಳುಗಿದ ಬಳಿಕ, ಸಂಜೆಯ ಗಾಳಿ ಗುಡುಗುಗಳಿಗೆ ಎಲ್ಲಿಯೋ ಒಂದು ತಂತಿಯು ಹರಿದುಬಿದ್ದಿತೆಂದರೆ, ಓಣಿಗೆ ಓಣಿಯೇ ಕತ್ತಲಲ್ಲಿ ಕುಳಿತು ಬೀಸಣಿಗೆ ಬೀಸಿಕೊಳ್ಳಬೇಕಾಗುವುದು. ಶಕ್ತಿನಗರದ ಉಷ್ಣವಿದ್ಯುತ್ ಸ್ಥಾವರವು ೧೯೮೫ರಲ್ಲಿ ನಡೆಯತೊಡಗಿದಂದಿನಿಂದ ನಮ್ಮ ರಾಯಚೂರು ಜಿಲ್ಲೆಯು ನಾಡಿಗೆಲ್ಲ ಬೆಳಕನ್ನು ಹಂಚುತ್ತಿರುವುದು. ಆದರೂ ದೀಪದ ಕೆಳಗೆ ಕತ್ತಲೆಯೆಂಬ ಗಾದೆಯು ಇಂತಹ ರಾತ್ರಿಗಳಲ್ಲಿ ನೆನಪಿಗೆ ಬಾರದೆ ಇರದು.

ಈ ಕಾರಣದಿಂದಲೇ ಈಚೆಗೆ ಮಾಳಿಗೆಗಳ ಮೇಲೆ ಸೋಲಾರ್ ಫಲಕಗಳು ಹೆಚ್ಚುತ್ತಲಿವೆ. ಅದರೊಡನೆ, “ಯಾವ ಬ್ಯಾಟರಿಯನ್ನು ಕೊಳ್ಳಬೇಕು?” ಎಂಬ ಪ್ರಶ್ನೆಯೂ ಹೆಚ್ಚುತ್ತಲಿದೆ. ಕೇಳಿದವರಿಗೆ ನಾವು ಯಾವ ಕಂಪನಿಯ ಹೆಸರನ್ನೂ ಹೇಳುವುದಿಲ್ಲ. ನಮ್ಮ ಉತ್ತರವು ಮೂರು ಮರುಪ್ರಶ್ನೆಗಳ ರೂಪದಲ್ಲಿರುವುದು: ನಿಮಗೆ ಎಷ್ಟು ಬೇಕು? ಎಷ್ಟು ದಿನಕ್ಕೊಮ್ಮೆ ಬೇಕು? ಅದನ್ನು ಎಲ್ಲಿ ಇಡುವಿರಿ? ಈ ಮೂರಕ್ಕೂ ಮನೆಯಲ್ಲಿಯೇ ಉತ್ತರವನ್ನು ಕಂಡುಕೊಂಡು ಅಂಗಡಿಗೆ ಹೋದವರು ಮೋಸಹೋಗುವುದು ಅಪರೂಪ. ಉತ್ತರವಿಲ್ಲದೆ ಹೋದವರು ಹಣವನ್ನು ಕಳೆದುಕೊಳ್ಳದೆ ಬರುವುದು ಅದಕ್ಕಿಂತಲೂ ಅಪರೂಪ. ನಾವೂ ಒಮ್ಮೆ ಹಾಗೆ ಕಳೆದುಕೊಂಡವರೇ. ಆ ಕಥೆಯನ್ನು ಮುಂದೆ ಹೇಳುವೆವು.

ಮೊದಲು ಒಂದು ಭ್ರಮೆಯನ್ನು ನಿವಾರಿಸಬೇಕಾಗಿದೆ. ಮಾಳಿಗೆಯ ಮೇಲೆ ಫಲಕಗಳಿದ್ದ ಮಾತ್ರಕ್ಕೆ, ಕರೆಂಟು ಹೋದಾಗ ಮನೆಯಲ್ಲಿ ದೀಪ ಉರಿಯುವುದೆಂದು ಅನೇಕರು ತಿಳಿದಿರುವರು. ಅದು ಹಾಗಲ್ಲ. ಊರಿನ ತಂತಿಗೆ ಜೋಡಿಸಿದ ಸಾಮಾನ್ಯ ಸೋಲಾರ್ ಇನ್ವರ್ಟರು, ತಂತಿಯಲ್ಲಿ ವಿದ್ಯುತ್ತು ನಿಂತೊಡನೆ ತಾನೂ ನಿಂತುಬಿಡುವುದು. ಹೊರಗೆ ರಣಬಿಸಿಲಿದ್ದರೂ ಸರಿಯೆ. ಇದು ಯಂತ್ರದ ದೋಷವಲ್ಲ, ಬೇಕೆಂದೇ ಮಾಡಿರುವ ಏರ್ಪಾಡು. ಕಂಬವನ್ನು ಹತ್ತಿ ತಂತಿಯನ್ನು ಸರಿಪಡಿಸುತ್ತಿರುವ ಲೈನ್‌ಮನ್ನನಿಗೆ ನಮ್ಮ ಮಾಳಿಗೆಯ ವಿದ್ಯುತ್ತು ಹರಿದುಹೋಗಿ ಪ್ರಾಣಾಪಾಯವಾಗಬಾರದೆಂಬುದೇ ಇದರ ಉದ್ದೇಶ. ಕರೆಂಟು ಹೋದಾಗಲೂ ದೀಪ ಉರಿಯಬೇಕಾದರೆ ಬ್ಯಾಟರಿಯೂ ಬೇಕು. ಅದರೊಡನೆ, ಊರಿನ ತಂತಿಯಿಂದ ಮನೆಯನ್ನು ಬೇರ್ಪಡಿಸಿಕೊಂಡು ನಡೆಸಬಲ್ಲ ಹೈಬ್ರಿಡ್ ಇನ್ವರ್ಟರೂ ಬೇಕು.

ಹಾಗಾದರೆ ಎಲ್ಲರಿಗೂ ಬ್ಯಾಟರಿ ಬೇಕೆ? ಲಾಭದ ದೃಷ್ಟಿಯಿಂದ ಮಾತ್ರ ನೋಡಿದರೆ, ಬೇಡವೆಂದೇ ಹೇಳಬೇಕಾಗುವುದು. ೨೦೨೪ರಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ ಮನೆಯ ಫಲಕಗಳಿಗೆ ೨ ಕಿಲೋವಾಟಿನವರೆಗೆ ಕಿಲೋವಾಟಿಗೆ ೩೦,೦೦೦ ರೂಪಾಯಿಯಂತೆಯೂ, ೩ ಕಿಲೋವಾಟು ಅಥವಾ ಅದಕ್ಕಿಂತ ಹೆಚ್ಚಿನದಕ್ಕೆ ಒಟ್ಟು ೭೮,೦೦೦ ರೂಪಾಯಿಯಂತೆಯೂ ಕೇಂದ್ರ ಸರಕಾರದ ಸಹಾಯಧನವನ್ನು ನಿಗದಿಮಾಡಲಾಯಿತು. ಅದು ಫಲಕದ ಅಳತೆಗೆ ಸಲ್ಲುವ ಹಣವೇ ಹೊರತು ಬ್ಯಾಟರಿಯ ಬೆಲೆಗಲ್ಲ. ಹಗಲಿನಲ್ಲಿ ಮಿಕ್ಕ ವಿದ್ಯುತ್ತು ಎರಡು ಕಡೆಗೂ ಎಣಿಸುವ ಮೀಟರಿನ ಮೂಲಕ ಜೆಸ್ಕಾಂ ತಂತಿಗೆ ಹೋಗಿ ಮನೆಯ ಲೆಕ್ಕಕ್ಕೆ ಜಮೆಯಾಗುವುದರಿಂದ, ಬಿಲ್ಲಿನ ಮಟ್ಟಿಗೆ ಆ ತಂತಿಯೇ ನಮ್ಮ ಉಗ್ರಾಣವೆನ್ನಬಹುದು. ಇನ್ನು, ೨೦೨೩ರಲ್ಲಿ ರಾಜ್ಯ ಸರಕಾರವು ಆರಂಭಿಸಿದ ಗೃಹಜ್ಯೋತಿಯಲ್ಲಿ, ತಿಂಗಳಿಗೆ ೨೦೦ ಯೂನಿಟಿನ ಮಿತಿಯೊಳಗೆ, ತಮ್ಮ ವಾಡಿಕೆಯ ಬಳಕೆಯನ್ನು ಮೀರದೆ ನಡೆದುಕೊಳ್ಳುವ ಮನೆಗಳಿಗೆ ಬಿಲ್ಲೇ ಇಲ್ಲ. ಇಲ್ಲದ ಬಿಲ್ಲನ್ನು ಬ್ಯಾಟರಿಯು ಇಳಿಸುವುದಾದರೂ ಹೇಗೆ? ಆದುದರಿಂದ ನಮ್ಮ ಕಡೆಯ ಪಟ್ಟಣದ ಮನೆಗಳಲ್ಲಿ ಬ್ಯಾಟರಿಯನ್ನು ಕೊಳ್ಳುವುದು ಉಳಿತಾಯಕ್ಕಾಗಿ ಅಲ್ಲ, ಕತ್ತಲೆಯ ರಾತ್ರಿಯ ನೆಮ್ಮದಿಗಾಗಿ. ಆ ನೆಮ್ಮದಿಗೆ ಎಷ್ಟು ಬೆಲೆ ತೆರಬಹುದೆಂಬುದನ್ನು ಅವರವರ ಮನೆಯ ಪರಿಸ್ಥಿತಿಯೇ ಹೇಳಬೇಕು.

ಇನ್ನು ಮೊದಲನೆಯ ಪ್ರಶ್ನೆಗೆ ಬರುವೆವು: ಎಷ್ಟು ಬೇಕು?

ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಹಗೇವನ್ನು ತೋಡಿಸುವ ಮೊದಲು ಮನೆಯಲ್ಲಿ ಉಣ್ಣುವ ಬಾಯಿಗಳೆಷ್ಟು, ಆಳುಗಳೆಷ್ಟು, ಮುಂದಿನ ಸುಗ್ಗಿಗೆ ಎಷ್ಟು ತಿಂಗಳು ಎಂದು ಎಣಿಸುತ್ತಿದ್ದರು. ನೆರೆಮನೆಯವನ ಹಗೇವು ದೊಡ್ಡದೆಂದು ತಾವೂ ದೊಡ್ಡದನ್ನು ತೋಡಿಸುತ್ತಿರಲಿಲ್ಲ. ಬ್ಯಾಟರಿಯೂ ಒಂದು ಹಗೇವೇ ಸರಿ. ಜೋಳಕ್ಕೆ ಬದಲಾಗಿ ಬೆಳಕನ್ನು ತುಂಬಿಡುವ ಹಗೇವು. ಇದರ ಸೇರು ಯೂನಿಟು. ಸಾವಿರ ವಾಟಿನ ಉಪಕರಣವು ಒಂದು ತಾಸು ನಡೆದರೆ ಒಂದು ಯೂನಿಟು ಖರ್ಚಾಗುವುದು.

ಸಿಂಧನೂರಿನ ಒಂದು ಸಾಧಾರಣ ಮನೆಯನ್ನು ಭಾವಿಸಿಕೊಳ್ಳೋಣ. ರಾತ್ರಿಯ ಎಂಟು ತಾಸಿಗೆ ಬೇಕಾದುದೇನು? ೯ ವಾಟಿನ ನಾಲ್ಕು ಎಲ್‌ಇಡಿ ದೀಪಗಳು ಐದು ತಾಸು ಉರಿದರೆ ೧೮೦ ವಾಟ್‌ತಾಸು. ೭೫ ವಾಟಿನ ಎರಡು ಹಳೆಯ ತರದ ಫ್ಯಾನುಗಳು ಎಂಟು ತಾಸು ತಿರುಗಿದರೆ ೧,೨೦೦. ಫ್ರಿಜ್ಜಿಗೆ ಸುಮಾರು ೪೦೦. ಮೊಬೈಲು ಮುಂತಾದ ಚಿಲ್ಲರೆಗೆ ೧೨೦. ಒಟ್ಟು ೧,೯೦೦, ಎಂದರೆ ಎರಡು ಯೂನಿಟಿಗೆ ತುಸು ಕಡಿಮೆ. ಇದರಲ್ಲಿ ಹೆಚ್ಚಿನ ಪಾಲನ್ನು ಉಣ್ಣುವವು ಆ ಎರಡು ಫ್ಯಾನುಗಳೇ ಎಂಬುದನ್ನು ವಾಚಕರು ಗಮನಿಸಿರಬಹುದು. ಅವುಗಳನ್ನು ತೆಗೆದು ೩೦ ವಾಟಿನ ಬಿಎಲ್‌ಡಿಸಿ ಫ್ಯಾನುಗಳನ್ನು ಹಾಕಿಸಿದರೆ ೧,೨೦೦ರ ಸ್ಥಳದಲ್ಲಿ ೪೮೦ ಸಾಕಾಗಿ, ಒಟ್ಟು ಮೊತ್ತವು ೧,೧೮೦ಕ್ಕೆ ಇಳಿಯುವುದು. ಹಗೇವನ್ನು ದೊಡ್ಡದು ಮಾಡುವುದಕ್ಕಿಂತ ಹೊಟ್ಟೆಬಾಕನನ್ನು ಹೊರಗೆ ಕಳುಹಿಸುವುದು ಅಗ್ಗವಾದ ಉಪಾಯ. ಬ್ಯಾಟರಿಗಿಂತ ಮೊದಲು ಫ್ಯಾನನ್ನು ಬದಲಾಯಿಸಿರೆಂದು ನಾವು ಎಲ್ಲರಿಗೂ ಹೇಳುವುದು ಇದರಿಂದಲೇ.

ಈ ಎಣಿಕೆಯ ಮಹತ್ವವನ್ನು ಕರ್ನಾಟಕವು ಬಹಳ ಹಿಂದೆಯೇ ಕಂಡಿದೆ. ಹರೀಶ್ ಹಂದೆಯವರೂ ಅವರ ಜೊತೆಗಾರರೂ ೧೯೯೫ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸೆಲ್ಕೋ ಸಂಸ್ಥೆಯು, ಹಳ್ಳಿಯ ಮನೆಗಳಿಗೆ ಎರಡು ದೀಪ, ನಾಲ್ಕು ದೀಪಗಳಿಗಾಗುವಷ್ಟೇ ಫಲಕವನ್ನೂ ಬ್ಯಾಟರಿಯನ್ನೂ ಜೋಡಿಸಿಕೊಟ್ಟು, ಅದಕ್ಕೆ ಬ್ಯಾಂಕುಗಳ ಸಾಲವನ್ನು ಹೊಂದಿಸಿತು. ಮನೆಯವರ ಅಗತ್ಯವನ್ನು ಅಳೆದು ಅದಕ್ಕೆ ತಕ್ಕುದನ್ನು ಕೊಡುವ ಈ ಪದ್ಧತಿಯಿಂದ ಬಡವರ ಮನೆಗೂ ಸೋಲಾರ್ ದೀಪವು ಹೋಯಿತು. ೨೦೧೧ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿಯು ದೊರೆಯಿತು.

ಬೇಕಾದುದೆಷ್ಟೆಂದು ತಿಳಿದ ಮೇಲೆ ಬ್ಯಾಟರಿಯಲ್ಲಿ ಇರುವುದೆಷ್ಟೆಂದು ತಿಳಿಯಬೇಕು. ಪೇಟೆಯಲ್ಲಿ ಮುಖ್ಯವಾಗಿ ಎರಡು ಜಾತಿಗಳುಂಟು. ಮೊದಲನೆಯದು ಸೀಸ ಮತ್ತು ಆಸಿಡ್ಡಿನ ಬ್ಯಾಟರಿ. ೧೮೫೯ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿಯು ಇದನ್ನು ಕಂಡುಹಿಡಿದನು; ನಮ್ಮ ಮನೆಗಳಲ್ಲಿ ಈಗ ಕಾಣುವ ಟ್ಯೂಬ್ಯುಲರ್ ಬ್ಯಾಟರಿಯು ಅದರ ಸಂತತಿಯೇ. ಎರಡನೆಯದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಅದರ ಮೂಲತತ್ವವನ್ನು ಪಾಧಿ, ನಂಜುಂಡಸ್ವಾಮಿ, ಗುಡ್‌ಇನಫ್ ಎಂಬ ವಿಜ್ಞಾನಿಗಳು ೧೯೯೭ರಲ್ಲಿ ಪ್ರಕಟಿಸಿದರು. ಇವರಲ್ಲಿ ಗುಡ್‌ಇನಫ್ ಅವರು ಲಿಥಿಯಂ ಬ್ಯಾಟರಿಗಳ ಕುರಿತಾದ ಕಾರ್ಯಕ್ಕಾಗಿ ೨೦೧೯ರ ನೊಬೆಲ್ ಪಾರಿತೋಷಕದಲ್ಲಿ ಪಾಲುಗೊಂಡವರು.

ಸೀಸದ ಬ್ಯಾಟರಿಯ ಮೇಲೆ ‘೧೨ ವೋಲ್ಟ್, ೧೫೦ ಎ.ಎಚ್.’ ಎಂದು ಬರೆದಿರುವುದು. ಇವೆರಡನ್ನು ಗುಣಿಸಿದರೆ ೧,೮೦೦ ವಾಟ್‌ತಾಸು. ಆದರೆ ಅಷ್ಟೂ ನಮ್ಮದಲ್ಲ. ಹಗೇವಿನ ತಳದ ಜೋಳವನ್ನು ಬೀಜಕ್ಕೆಂದು ಮುಟ್ಟದೆ ಬಿಡುವಂತೆ, ಸೀಸದ ಬ್ಯಾಟರಿಯಲ್ಲಿ ಅರ್ಧದಷ್ಟನ್ನು ಮುಟ್ಟದೆ ಬಿಡುವುದು ಅದರ ಆಯುಸ್ಸಿಗೆ ಹಿತ. ಉಳಿದ ೯೦೦ರಲ್ಲಿಯೂ ಇನ್ವರ್ಟರು ತನ್ನ ಕೂಲಿಯನ್ನು ಹಿಡಿದುಕೊಳ್ಳುವುದರಿಂದ ಫ್ಯಾನು ದೀಪಗಳಿಗೆ ತಲಪುವುದು ಸುಮಾರು ೭೫೦ ಮಾತ್ರ. ಮೇಲೆ ಹೇಳಿದ ಸಿಂಧನೂರಿನ ಮನೆಯಲ್ಲಿ ಹೊಸ ಫ್ಯಾನುಗಳಿದ್ದರೆ ಇದು ಐದು ತಾಸಿಗೆ ಬರುವುದು. ಹಳೆಯ ಫ್ಯಾನುಗಳಿದ್ದರೆ ಮೂರು ತಾಸಿಗೆ ಮುಗಿಯುವುದು. ಲಿಥಿಯಂ ಜಾತಿಯಲ್ಲಿ ‘೫೧.೨ ವೋಲ್ಟ್, ೧೦೦ ಎ.ಎಚ್.’ ಎಂಬ ಪೆಟ್ಟಿಗೆಯು ಈಗ ರೂಢಿಯಲ್ಲಿದೆ. ಗುಣಿಸಿದರೆ ೫ ಯೂನಿಟಿಗಿಂತ ತುಸು ಹೆಚ್ಚು. ಅದರಲ್ಲಿ ನೂರಕ್ಕೆ ೮೦ರಿಂದ ೯೦ರಷ್ಟನ್ನು ನಿರ್ಭಯವಾಗಿ ಬಳಸಬಹುದಾದುದರಿಂದ, ಕೈಗೆ ಸಿಗುವುದು ಸುಮಾರು ೪ ಯೂನಿಟು.

ಇಲ್ಲಿಯೇ ಒಂದು ಎಚ್ಚರಿಕೆಯ ಮಾತು. ಸೀಸದ ಬ್ಯಾಟರಿಯ ಎ.ಎಚ್. ಅಂಕಿಯ ಪಕ್ಕದಲ್ಲಿ ‘ಸಿ ೧೦’ ಅಥವಾ ‘ಸಿ ೨೦’ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುವುದು. ಹತ್ತು ತಾಸಿನಲ್ಲಿ ಖಾಲಿಮಾಡಿ ಅಳೆದುದು ಮೊದಲನೆಯದು, ಇಪ್ಪತ್ತು ತಾಸಿನಲ್ಲಿ ಮೆಲ್ಲನೆ ಖಾಲಿಮಾಡಿ ಅಳೆದುದು ಎರಡನೆಯದು. ಮೆಲ್ಲನೆ ತೆಗೆದರೆ ಹೆಚ್ಚು ಬರುವುದು ಸೀಸದ ಸ್ವಭಾವ. ಆದುದರಿಂದ ಒಂದೇ ಬ್ಯಾಟರಿಯು ಸಿ ೨೦ರ ಅಳತೆಯಲ್ಲಿ ದೊಡ್ಡದಾಗಿ ಕಾಣುವುದು. ಎರಡು ಅಂಗಡಿಗಳ ಬೆಲೆಯನ್ನು ಹೋಲಿಸುವಾಗ ಒಂದೇ ಅಳತೆಯಲ್ಲಿ ಹೋಲಿಸತಕ್ಕದ್ದು.

ಎರಡನೆಯ ಪ್ರಶ್ನೆ: ಎಷ್ಟು ದಿನಕ್ಕೊಮ್ಮೆ ಬೇಕು? ಇದನ್ನು ಕೇಳಿಕೊಳ್ಳುವವರು ಬಹಳ ಕಡಿಮೆ. ಹಣದ ಗುಟ್ಟೆಲ್ಲ ಇದರಲ್ಲಿಯೇ ಇದೆ. ಬ್ಯಾಟರಿಗೆ ಎರಡು ಬಗೆಯ ಆಯುಸ್ಸುಂಟು. ಎಷ್ಟು ಸಲ ತುಂಬಿ ಬರಿದಾಯಿತೆಂಬುದು ಒಂದು. ಎಷ್ಟು ವರ್ಷವಾಯಿತೆಂಬುದು ಇನ್ನೊಂದು. ಒಳ್ಳೆಯ ಟ್ಯೂಬ್ಯುಲರ್ ಬ್ಯಾಟರಿಯು ಸಾವಿರದಿಂದ ಸಾವಿರದೈನೂರು ಸಲ ತಾಳಬಹುದು. ಲಿಥಿಯಂ ಐರನ್ ಫಾಸ್ಫೇಟಿನದು ಮೂರು ಸಾವಿರದಿಂದ ಆರು ಸಾವಿರ ಸಲ.

ಲೆಕ್ಕಕ್ಕಾಗಿ ಸೀಸದ್ದಕ್ಕೆ ೧೫,೦೦೦ ರೂಪಾಯಿ, ೫ ಯೂನಿಟಿನ ಲಿಥಿಯಂ ಪೆಟ್ಟಿಗೆಗೆ ೧,೦೦,೦೦೦ ರೂಪಾಯಿ ಎಂದಿಟ್ಟುಕೊಳ್ಳೋಣ. ದಿನಂಪ್ರತಿ ತುಂಬಿ ಬರಿದುಮಾಡುವ ಮನೆಯಲ್ಲಿ, ಸೀಸದ್ದು ೧,೨೦೦ ರಾತ್ರಿ ಬಂದರೆ ರಾತ್ರಿಗೆ ಹನ್ನೆರಡೂವರೆ ರೂಪಾಯಿ. ಆದರೆ ಅದು ಕೊಡುವುದು ಮುಕ್ಕಾಲು ಯೂನಿಟು ಮಾತ್ರ. ಲಿಥಿಯಂನದು ೪,೦೦೦ ರಾತ್ರಿ ಬಂದರೆ ರಾತ್ರಿಗೆ ೨೫ ರೂಪಾಯಿ. ಕೊಡುವುದು ೪ ಯೂನಿಟು. ಯೂನಿಟಿನ ಲೆಕ್ಕದಲ್ಲಿ ಲಿಥಿಯಂ ಅರ್ಧಕ್ಕಿಂತಲೂ ಅಗ್ಗವಾಯಿತು. ಆದರೆ ವಾರಕ್ಕೊಮ್ಮೆ ಮಾತ್ರ ಕರೆಂಟು ಹೋಗುವ ಪಟ್ಟಣದ ಮನೆಯಲ್ಲಿ ಲೆಕ್ಕವು ತಿರುಗಿಬೀಳುವುದು. ಅಲ್ಲಿ ಸೀಸದ್ದು ಐದು ವರ್ಷ ಬಾಳಿದರೆ ೨೬೦ ರಾತ್ರಿ, ರಾತ್ರಿಗೆ ೫೮ ರೂಪಾಯಿ. ಲಿಥಿಯಂನದು ಹತ್ತು ವರ್ಷ ಬಾಳಿದರೂ ೫೨೦ ರಾತ್ರಿ, ರಾತ್ರಿಗೆ ೧೯೨ ರೂಪಾಯಿ. ಆ ಮನೆಗೆ ಬೇಕಾದುದು ನಾಲ್ಕೈದು ತಾಸಿನ ಫ್ಯಾನು ದೀಪಗಳಷ್ಟೇ ಆಗಿದ್ದರೆ, ದೊಡ್ಡ ಲಿಥಿಯಂ ಪೆಟ್ಟಿಗೆಯು ಗೋಡೆಯ ಅಲಂಕಾರವಾಗುವುದೇ ಹೊರತು ಬೇರೇನೂ ಆಗದು. ಮಾರುವವನು ಸಾವಿರಗಟ್ಟಲೆ ಸಲದ ಮಾತನ್ನಾಡುವಾಗ, ನಮ್ಮ ಮನೆಯಲ್ಲಿ ಅಷ್ಟು ಸಲ ಒದಗುವುದೇ ಎಂದು ಕೇಳಿಕೊಳ್ಳಬೇಕು.

ಹೀಗೆ ನೋಡಿದರೆ ಮೂರು ಊರುಗಳ ಮೂರು ಮನೆಗಳಿಗೆ ಮೂರು ಉತ್ತರಗಳು ದೊರೆಯುವುವು. ಸಿಂಧನೂರಿನ ಆ ಮನೆಗೆ ಹೊಸ ಫ್ಯಾನುಗಳೂ ಒಂದು ಟ್ಯೂಬ್ಯುಲರ್ ಬ್ಯಾಟರಿಯೂ ಸಾಕು. ಲಿಂಗಸುಗೂರಿನ ಒಂದು ಮನೆಯಲ್ಲಿ ಉಸಿರಾಟದ ತೊಂದರೆಯ ಹಿರಿಯರಿದ್ದು, ಆಮ್ಲಜನಕ ಕೊಡುವ ಯಂತ್ರವು ರಾತ್ರಿಯೆಲ್ಲ ನಡೆಯಬೇಕಾಗಿದೆಯೆಂದು ಭಾವಿಸೋಣ. ೩೦೦ ವಾಟಿನ ಯಂತ್ರಕ್ಕೆ ಎಂಟು ತಾಸಿಗೆ ೨,೪೦೦, ದೀಪ ಫ್ಯಾನುಗಳಿಗೆ ೬೬೦. ಒಟ್ಟು ಮೂರು ಯೂನಿಟಿಗೆ ಮಿಕ್ಕಿತು. ಇಲ್ಲಿ ರೂಪಾಯಿಯ ಲೆಕ್ಕವು ಹಿಂದಕ್ಕೆ ಸರಿಯಬೇಕು. ೫ ಯೂನಿಟಿನ ಲಿಥಿಯಂ ಪೆಟ್ಟಿಗೆಯೇ ಸರಿ. ಅದರ ಮೇಲೆ ಯಂತ್ರವೆಲ್ಲ ಕೈಕೊಟ್ಟರೂ ಇರಲೆಂದು ತುಂಬಿದ ಒಂದು ಆಮ್ಲಜನಕದ ಸಿಲಿಂಡರನ್ನೂ ವೈದ್ಯರ ಸಲಹೆಯಂತೆ ಮನೆಯಲ್ಲಿರಿಸತಕ್ಕದ್ದು. ಪ್ರಾಣದ ವಿಷಯದಲ್ಲಿ ಒಂದೇ ಹಗೇವನ್ನು ನಂಬಬಾರದು. ಮಸ್ಕಿಯ ಆಚೆಗೆ ತಂತಿಯೇ ಬಾರದ ಹೊಲದ ಮನೆಯಿದ್ದರೆ, ಮೂರು ಸಣ್ಣ ದೀಪ, ಒಂದು ಡಿ.ಸಿ. ಫ್ಯಾನು, ಒಂದು ಮೊಬೈಲಿಗೆ ರಾತ್ರಿಗೆ ಸುಮಾರು ೩೪೦ ವಾಟ್‌ತಾಸು ಸಾಕು. ಅಲ್ಲಿ ಬಳಕೆಯು ದಿನವೂ ಇರುವುದರಿಂದ ೧೨.೮ ವೋಲ್ಟ್, ೧೦೦ ಎ.ಎಚ್.ನ ಸಣ್ಣ ಲಿಥಿಯಂ ಬ್ಯಾಟರಿಯು ಯೋಗ್ಯ. ಅದು ತುಂಬಿದ್ದರೆ ಮೋಡ ಮುಚ್ಚಿದ ಮೂರು ರಾತ್ರಿಗಳನ್ನು ಕಳೆಯಬಹುದು.

ಹಗೇವಿದ್ದರೆ ಸಾಲದು, ಸುಗ್ಗಿಯೂ ಬೇಕು. ನಮ್ಮ ಬಿಸಿಲಿಗೆ ೧ ಕಿಲೋವಾಟಿನ ಫಲಕಗಳು ದಿನಕ್ಕೆ ಸರಾಸರಿ ೪ ಯೂನಿಟನ್ನು ಬೆಳೆಯುವುವು. ಶ್ರಾವಣದ ಮೋಡದಲ್ಲಿ ಬಹಳ ಕಡಿಮೆ. ಸಿಂಧನೂರಿನ ಅಕ್ಕಿಗಿರಣಿಗಳ ಧೂಳೂ ಬೇಸಗೆಯ ಕೆಂಧೂಳಿಯೂ ಫಲಕದ ಮೇಲೆ ಕುಳಿತರೆ ಬೆಳೆಯು ಇನ್ನೂ ಇಳಿಯುವುದು. ವಾರಕ್ಕೊಮ್ಮೆ ನಸುಕಿನಲ್ಲಿ, ಗಾಜು ತಣ್ಣಗಿರುವಾಗಲೇ, ನೀರು ಹಾಕಿ ಮೆತ್ತನೆಯ ಬಟ್ಟೆಯಿಂದ ಒರೆಸುವುದು ಒಳ್ಳೆಯದು. ಕಾದ ಗಾಜಿಗೆ ತಣ್ಣೀರನ್ನು ಎರಚಬಾರದು.

ಮೂರನೆಯ ಪ್ರಶ್ನೆ: ಎಲ್ಲಿ ಇಡುವಿರಿ? ನಾವು ಪೆಟ್ಟು ತಿಂದುದು ಇಲ್ಲಿಯೇ. ತಂತಿಯ ಉದ್ದವು ಕಡಿಮೆಯಾಗಲೆಂದು, ನಮ್ಮ ಬ್ಯಾಟರಿಯನ್ನು ಮಾಳಿಗೆಯ ಮೇಲಿನ ತಗಡಿನ ಕೋಣೆಯಲ್ಲಿ ಇರಿಸಿದೆವು. ಕಣ್ಣಿಗೆ ಮರೆಯಾದುದು ಮನಸ್ಸಿಗೂ ಮರೆಯಾಯಿತು. ನೀರು ಹಾಕುವುದನ್ನು ಮೊದಲು ತಿಂಗಳಿಗೊಮ್ಮೆ, ಆಮೇಲೆ ಹಬ್ಬಕ್ಕೊಮ್ಮೆ ಮಾಡಿದೆವು. ಮೂರನೆಯ ವೈಶಾಖದಲ್ಲಿ ಒಂದು ಸಂಜೆ ಗಾಳಿಗೆ ಕರೆಂಟು ಹೋಯಿತು. ಮನೆಯಲ್ಲಿ ಚಿಕ್ಕ ಮಗುವಿಗೆ ಜ್ವರ. “ಚಿಂತಿಯಿಲ್ಲ, ಬ್ಯಾಟರಿ ಐತಿ” ಎಂದು ಮನೆಯವರಿಗೆ ಧೈರ್ಯ ಹೇಳಿ ಹತ್ತು ನಿಮಿಷವಾಗಿರಲಿಲ್ಲ, ಫ್ಯಾನು ನಿಂತಿತು. ಆ ರಾತ್ರಿಯೆಲ್ಲ ಅಜ್ಜಿಯೂ ತಾಯಿಯೂ ಸರದಿಯಂತೆ ಕುಳಿತು ಮಗುವಿಗೆ ಬೀಸಣಿಗೆ ಬೀಸಿದರು. ಮರುದಿನ ಮುಚ್ಚಳ ತೆಗೆದು ನೋಡಿದರೆ ಒಳಗಿನ ಫಲಕಗಳು ನೀರಿಲ್ಲದೆ ಒಣಗಿದ್ದವು. ಐದು ವರ್ಷದ ಖಾತರಿಯ ಕಾಗದವನ್ನು ಹಿಡಿದುಕೊಂಡು ಹೋದೆವು. ಅಂಗಡಿಯವರು ಬ್ಯಾಟರಿಯನ್ನು ನೋಡಿ, “ಇದು ನೋಡಿಕೊಳ್ಳದ ತಪ್ಪು, ಯಜಮಾನ್ರೇ” ಎಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ.

ಬ್ಯಾಟರಿಗೆ ಹಿತವಾದ ಉಷ್ಣತೆಯು ಸುಮಾರು ೨೫ ಡಿಗ್ರಿ. ಅದರಿಂದ ಮೇಲಕ್ಕೆ ಪ್ರತಿ ಹತ್ತು ಡಿಗ್ರಿಗೆ ಸೀಸದ ಬ್ಯಾಟರಿಯ ಆಯುಸ್ಸು ಹೆಚ್ಚುಕಡಿಮೆ ಅರ್ಧವಾಗುವುದೆಂದು ತಿಳಿದವರು ಎಣಿಸುವರು. ಲಿಥಿಯಂ ಐರನ್ ಫಾಸ್ಫೇಟು ಬಿಸಿಯನ್ನು ಇದಕ್ಕಿಂತ ಚೆನ್ನಾಗಿ ತಾಳುವುದಾದರೂ, ಅದಕ್ಕೂ ಮಿತಿಯುಂಟು. ಅನೇಕ ಪೆಟ್ಟಿಗೆಗಳಲ್ಲಿ ೪೫ ಡಿಗ್ರಿಯ ಮೇಲೆ ತುಂಬಿಸುವುದನ್ನು ತಯಾರಕರೇ ನಿಷೇಧಿಸಿರುವರು, ಒಳಗಿರುವ ಬಿ.ಎಂ.ಎಸ್. ಎಂಬ ಕಾವಲು ಯಂತ್ರವು ಮಿತಿಮೀರಿದೊಡನೆ ಬಾಗಿಲನ್ನು ಮುಚ್ಚಿಬಿಡುವುದು. ನಮ್ಮ ಸೀಮೆಯ ತಗಡಿನ ಕೆಳಗೆ ಮಧ್ಯಾಹ್ನದಲ್ಲಿ ಈ ಮಿತಿಯನ್ನು ದಾಟುವುದು ಕಷ್ಟವಲ್ಲ. ಆದುದರಿಂದ ಬ್ಯಾಟರಿಯ ಸ್ಥಳವು ನೆಲ ಅಂತಸ್ತಿನಲ್ಲಿ, ಉತ್ತರದ ಅಥವಾ ಪೂರ್ವದ ಗೋಡೆಯ ಬದಿಯಲ್ಲಿ, ನೆರಳೂ ಗಾಳಿಯೂ ಇರುವಲ್ಲಿ ಆಗಬೇಕು. ಹಳೆಯ ಮಣ್ಣಿನ ಗೋಡೆಯ ಮನೆಯಿದ್ದವರಿಗೆ ಇದು ಸುಲಭ. ಅಡಿಗೆಯ ಮನೆ, ಮಲಗುವ ಕೋಣೆ, ಹೊರಗೆ ಹೋಗುವ ಒಂದೇ ದಾರಿಯಾದ ಪಡಸಾಲೆಯ ಬಾಗಿಲು, ಇವು ಬ್ಯಾಟರಿಯ ಸ್ಥಳಗಳಲ್ಲ.

ಗಾಳಿಯ ಮಾತಿಗೆ ಇನ್ನೊಂದು ಕಾರಣವೂ ಉಂಟು. ಸೀಸದ ಬ್ಯಾಟರಿಯು ತುಂಬುವಾಗ ಜಲಜನಕವೆಂಬ ಉರಿಯುವ ಅನಿಲವನ್ನು ಬಿಡುವುದು. ಹಗೇವಿನ ಬಾಯಿ ತೆರೆದು ಕೆಟ್ಟ ಗಾಳಿ ಹೋಗುವವರೆಗೆ ಹಿರಿಯರು ಯಾರನ್ನೂ ಒಳಗಿಳಿಸುತ್ತಿರಲಿಲ್ಲವಷ್ಟೆ. ಅದೇ ಎಚ್ಚರವು ಇಲ್ಲಿಯೂ ಬೇಕು. ದೇವರ ದೀಪ, ಊದಿನಕಡ್ಡಿ, ಬೀಡಿ, ಒಂದೂ ಅದರ ಹತ್ತಿರ ಸುಳಿಯಬಾರದು. ಬಾವಿಯ ನೀರನ್ನಾಗಲಿ ನಲ್ಲಿಯ ನೀರನ್ನಾಗಲಿ ಹಾಕದೆ, ಅಂಗಡಿಯಲ್ಲಿ ಡಿಸ್ಟಿಲ್ಡ್ ವಾಟರ್ ಎಂದು ಮಾರುವ ಶುದ್ಧ ನೀರನ್ನೇ ಹಾಕತಕ್ಕದ್ದು. ಬೇಸಗೆಯಲ್ಲಿ ತಿಂಗಳಿಗೊಮ್ಮೆ ತಪ್ಪದೆ ಮಟ್ಟವನ್ನು ನೋಡತಕ್ಕದ್ದು. ಆಸಿಡ್ಡು ಮೈಮೇಲೆ ಬಿದ್ದರೆ ಕೂಡಲೇ ಧಾರಾಳವಾಗಿ ನೀರಿನಿಂದ ತೊಳೆಯಬೇಕು. ಕಣ್ಣಿಗೆ ತಾಗಿದರೆ ತೊಳೆಯುತ್ತಲೇ ವೈದ್ಯರಲ್ಲಿಗೆ ಧಾವಿಸಬೇಕು. ಮಕ್ಕಳಿಗೆ ಎಟುಕದಂತಿರಬೇಕೆಂದು ತಾಯಂದಿರಿಗೆ ನಾವು ಹೇಳಬೇಕಾಗಿಲ್ಲ.

ಲಿಥಿಯಂನದಕ್ಕೆ ನೀರಿನ ಗೊಡವೆಯಿಲ್ಲ. ಆದರೆ ಅದನ್ನು ಸೀಸದ ಬ್ಯಾಟರಿಗೆಂದೇ ಮಾಡಿದ ಹಳೆಯ ಇನ್ವರ್ಟರಿಗೆ ಸಿಕ್ಕಿಸಕೂಡದು. ಎರಡರ ವೋಲ್ಟೇಜೂ ತುಂಬಿಸುವ ಕ್ರಮವೂ ಹೊಂದುವುದೆಂದು ತಯಾರಕರ ಬರಹದಲ್ಲಿಯೇ ನೋಡಿಕೊಳ್ಳಬೇಕು. ಬಿ.ಎಂ.ಎಸ್. ಇಲ್ಲದ ಅಗ್ಗದ ಪೆಟ್ಟಿಗೆಯನ್ನು ಯಾರು ಎಷ್ಟು ಹೊಗಳಿದರೂ ಮನೆಯೊಳಗೆ ತರಬಾರದು. ಯಾವ ಜಾತಿಯದಾದರೂ ಹೊಸದಕ್ಕೂ ಹಳೆಯದಕ್ಕೂ ಗಂಟುಹಾಕಬಾರದು. ಮುದಿ ಎತ್ತಿನೊಡನೆ ಹೋರಿಯನ್ನು ಹೂಡಿದಂತೆ ಎರಡೂ ಕೆಡುವುವು.

ಅಂಗಡಿಯಲ್ಲಿ ಕೇಳಬೇಕಾದುವು ಹೆಚ್ಚಿಲ್ಲ. ತಯಾರಾದ ತಿಂಗಳು ಯಾವುದು? ಸೋಲಾರ್ ಬ್ಯಾಟರಿಗಳಿಗೆ ಸಲ್ಲುವ ಐ.ಎಸ್. ೧೬೨೭೦ ಎಂಬ ಭಾರತೀಯ ಮಾನಕದಂತೆ ಪರೀಕ್ಷೆಯಾಗಿದೆಯೆ? ಖಾತರಿಯು ಎಷ್ಟು ವರ್ಷಕ್ಕೆ, ಎಷ್ಟು ಸಲಕ್ಕೆ, ಎಷ್ಟು ಬಿಸಿಯವರೆಗೆ? ಕೆಟ್ಟರೆ ರಿಪೇರಿಗೆ ಯಾರು ಬರುವರು, ಸಿಂಧನೂರಿನವರೋ ಬೆಂಗಳೂರಿನವರೋ? ಹಳೆಯದನ್ನು ಹಿಂದಕ್ಕೆ ಪಡೆಯುವಿರೋ? ೨೦೨೨ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ, ಸವೆದ ಬ್ಯಾಟರಿಗಳನ್ನು ಮರಳಿ ಪಡೆದು ಸಂಸ್ಕರಿಸುವ ಹೊಣೆಯು ತಯಾರಕರ ಮೇಲಿದೆ. ಗುಜರಿಯವನಿಗೆ ಕೊಟ್ಟರೆ ಸೀಸವೂ ಆಸಿಡ್ಡೂ ನಮ್ಮದೇ ಮಣ್ಣಿಗೆ, ನಮ್ಮದೇ ನೀರಿಗೆ ಬಂದು ಸೇರುವುದು.

ನಮ್ಮ ಎರಡನೆಯ ಬ್ಯಾಟರಿಯು ಈಗ ಕೆಳಗಿನ ಪಡಸಾಲೆಯ ಬಡಗಣ ಮೂಲೆಯಲ್ಲಿ, ಕಿಟಕಿಯ ಗಾಳಿಗೆ ಕುಳಿತಿದೆ. ಅದೂ ಟ್ಯೂಬ್ಯುಲರೇ, ಮೊದಲಿನದಕ್ಕಿಂತ ದೊಡ್ಡದೇನೂ ಅಲ್ಲ. ಫ್ಯಾನುಗಳು ಮಾತ್ರ ಹೊಸವು. ಪ್ರತಿ ಅಮಾವಾಸ್ಯೆಯ ದಿನ ನೀರಿನ ಮಟ್ಟವನ್ನು ನೋಡುವ ಕೆಲಸವನ್ನು, ಅಂದು ಜ್ವರದಲ್ಲಿ ಮಲಗಿದ್ದ ಮಗುವೇ ಈಗ ದೊಡ್ಡವಳಾಗಿ, ತನ್ನ ಅಜ್ಜಿಗೆ ನೆನಪಿಸಿ ಮಾಡಿಸುತ್ತಲಿರುವಳು. ವಾಚಕರಲ್ಲಿ ನಮ್ಮ ವಿನಂತಿಯಿಷ್ಟೆ: ಅಂಗಡಿಗೆ ಹೋಗುವ ಮೊದಲು ಒಂದು ರಾತ್ರಿ ಕಾಗದ, ಸೀಸದ ಕಡ್ಡಿ ಹಿಡಿದು ಮನೆಯವರೆಲ್ಲರೂ ಕುಳಿತು, ಕತ್ತಲಾದಾಗ ನಮಗೆ ನಿಜವಾಗಿ ಬೇಕಾದುದೇನೆಂದು ಬರೆದುಕೊಳ್ಳಿರಿ. ಆ ಪಟ್ಟಿಯು ಕೈಯಲ್ಲಿದ್ದರೆ ಮಿಕ್ಕ ಆಯ್ಕೆಯು ತಾನಾಗಿಯೇ ಸುಲಭವಾಗುವುದು.